ಸೊಂಟದ ಪಿಸ್ತೂಲು ಮತ್ತು ಅದರ ಒರೆ: ಒಂದು ಸಂವಾದ

ಉಟ್ಟ ಬಟ್ಟೆಯ ಒಳಗೆ, ಹೊರಗಿನವರ ಕಣ್ಣಿಗೆ ಬೀಳದಂತೆ ಒಯ್ಯಬಹುದಾದ ಸಣ್ಣ ಪಿಸ್ತೂಲನ್ನು ಆರಿಸಿಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಆಯುಧದ ಹೆಸರು, ಬೆಲೆ ಮತ್ತು ಗುಂಡಿನ ಬಲಗಳಿಂದ ಮಾತು ಆರಂಭಿಸುತ್ತಾರೆ. ಅದನ್ನು ಹಿಡಿದಿಡುವ ಒರೆಯ, ಅಂದರೆ ಹೋಲ್‌ಸ್ಟರಿನ ವಿಚಾರ ಕೊನೆಗೆ ಬರುತ್ತದೆ, ಹಲವು ಸಲ ಬರುವುದೇ ಇಲ್ಲ. ಯಾದಗಿರಿ ಸೀಮೆಯ ಬಿಸಿಲು, ಉಡುಪು, ವ್ಯಾಪಾರದ ರೀತಿ ಮತ್ತು ಇತಿಹಾಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕ್ರಮ ತಲೆಕೆಳಗಾದದ್ದೆಂದು ತೋರುತ್ತದೆ. ಮುಂದಿನ ಸಂವಾದದಲ್ಲಿ ಮಾತನಾಡುವ ಇಬ್ಬರಲ್ಲಿ ಒಬ್ಬರು ಶಹಾಪುರದ ಹತ್ತಿ ವರ್ತಕರು. ಮತ್ತೊಬ್ಬರು ಸುರಪುರದಲ್ಲಿ ನೆಲೆಸಿರುವ ನಿವೃತ್ತ ಆರ್ಮರರ್, ಎಂದರೆ ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕುಗಳ ತಪಾಸಣೆ ಮತ್ತು ದುರಸ್ತಿ ನೋಡಿಕೊಳ್ಳುತ್ತಿದ್ದವರು.

ವರ್ತಕ: ಸಾಹೇಬರೇ, ಹತ್ತಿಯ ಸುಗ್ಗಿಯಲ್ಲಿ ಶಹಾಪುರದಿಂದ ಕೆಂಭಾವಿ, ಹುಣಸಗಿ ಕಡೆಯ ಊರುಗಳಿಗೆ ನಗದು ಒಯ್ಯುವ ವ್ಯಾಪಾರಿಯು ರಾತ್ರಿ ನಿರ್ಜನ ರಸ್ತೆಯಲ್ಲಿ ಒಬ್ಬನೇ ಮರಳಬೇಕಾಗುತ್ತದೆ. ಅಂಥವನು ಸೊಂಟದಲ್ಲಿಟ್ಟುಕೊಳ್ಳಲು ಯಾವ ಪಿಸ್ತೂಲು ಯೋಗ್ಯವೆಂದು ತಿಳಿಯಬೇಕಾಗಿದೆ.

ಆರ್ಮರರ್: ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ, ಸಾಹುಕಾರರೇ. ರೈತರ ಖಾತೆಗೆ ನೇರವಾಗಿ ಹಣ ಹಾಕುವ ಅನುಕೂಲ ಹಳ್ಳಿಹಳ್ಳಿಗೂ ಬಂದಿರುವಾಗ ಅಷ್ಟು ನಗದು ರಾತ್ರಿಯ ರಸ್ತೆಯಲ್ಲಿ ಏಕೆ ಓಡಾಡಬೇಕು ಎಂಬುದನ್ನು ಯೋಚಿಸಿ, ಆದಷ್ಟು ವಹಿವಾಟನ್ನು ಬ್ಯಾಂಕಿಗೆ ಸಾಗಿಸಿ, ಉಳಿದದ್ದಕ್ಕೆ ಹಗಲಿನ ಪ್ರಯಾಣವನ್ನೂ ಜೊತೆಗೊಬ್ಬ ಮನುಷ್ಯನನ್ನೂ ಗೊತ್ತುಮಾಡಿಕೊಂಡ ಮೇಲೆಯೂ ಅಪಾಯ ಉಳಿಯುವುದಾದರೆ ಮಾತ್ರ ಪಿಸ್ತೂಲಿನ ಮಾತು ಅರ್ಥಪೂರ್ಣವಾಗುತ್ತದೆ. ಪರವಾನಗಿ ಕೊಡುವ ಜಿಲ್ಲಾಧಿಕಾರಿಗಳೂ ಅದನ್ನೇ ಕೇಳುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದವರು ಅರ್ಜಿ ಸಲ್ಲಿಸಿ, ಪೊಲೀಸ್ ವರದಿಯ ಪರಿಶೀಲನೆಯಾದ ನಂತರವೇ ಪರವಾನಗಿ ದೊರೆಯುತ್ತದೆ. 2016ರ ನಿಯಮಾವಳಿಯು ಆಯುಧವನ್ನು ಸುರಕ್ಷಿತವಾಗಿ ಹಿಡಿಯುವ, ಇಡುವ ತರಬೇತಿಯನ್ನೂ ಅದಕ್ಕೆ ಸೇರಿಸಿದೆ. ಕಾಯ್ದೆಯ 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಹೆಚ್ಚಿಸಿತು.

ವರ್ತಕ: ಕೊಡಗಿನವರಿಗೆ ಪರವಾನಗಿಯೇ ಬೇಡವೆಂದು ಕೇಳಿದ್ದುಂಟು. ಬೇಡರ ಶೌರ್ಯಕ್ಕೆ ಹೆಸರಾದ ಸುರಪುರಕ್ಕೆ ಅಂಥ ರಿಯಾಯಿತಿ ಏಕಿಲ್ಲ?

ಆರ್ಮರರ್: ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವುದು ನಿಜ. ಈ ಸೀಮೆಯ ಕಥೆ ಅದಕ್ಕೆ ತೀರ ವಿರುದ್ಧವಾದದ್ದು. 1705ರಲ್ಲಿ ಮುಪ್ಪಿನ ಔರಂಗಜೇಬನೇ ಬಂದು ಮುತ್ತಿಗೆ ಹಾಕಿದ ವಾಗಿಣಗೇರಿಯ ಕೋಟೆಯನ್ನು ಕಾದವರು ಕೋವಿ ಹಿಡಿದ ಬೇಡರು; 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ದಂಗೆ ಎದ್ದು ಊರನ್ನೇ ಕಳೆದುಕೊಂಡರು; ಮರುವರ್ಷ ಬ್ರಿಟಿಷರೆದುರು ಸುರಪುರವೂ ಸೋತಿತು. ಆಳುವವರಿಗೆ ಒಲಿದವರ ಕೈಯಲ್ಲಿ ಬಂದೂಕು ಉಳಿಯಿತು, ಎದುರು ನಿಂತವರ ಕೈಯಿಂದ ಅದು ಹೋಯಿತು. ಈ ಅಸಮಾನತೆ ನೋವಿನ ಸಂಗತಿಯೇ. ಆದರೂ ಇಂದು ಯಾದಗಿರಿಯಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷಗಳ ಸೆರೆವಾಸ ಕಾದಿರುತ್ತದೆ. ಭೀಮಾ ತೀರದ ಕಡೆ ಗುಟ್ಟಾಗಿ ಕೈಬದಲಾಗುವ ನಾಡ ಪಿಸ್ತೂಲುಗಳ ಮಾತನ್ನು ಈ ಸಂವಾದದಿಂದ ಹೊರಗಿಡಬೇಕು, ಅವು ಕಾನೂನಿಗೆ ವಿರುದ್ಧ ಎಂಬ ಒಂದೇ ಕಾರಣಕ್ಕಲ್ಲ. ಸಾಮಾನ್ಯ ಕೊಳವೆಯಿಂದ ಮಾಡಿದ ನಳಿಗೆಯು ಕಾಡತೂಸಿನ ಒತ್ತಡ ತಡೆಯದೆ ಹಿಡಿದವನ ಕೈಯಲ್ಲೇ ಸಿಡಿಯಬಹುದು, ಕೆಳಗೆ ಬಿದ್ದರೆ ಗುಂಡು ಹಾರದಂತೆ ತಡೆಯುವ ವ್ಯವಸ್ಥೆಯೂ ಅವುಗಳಲ್ಲಿರುವುದಿಲ್ಲ.

ವರ್ತಕ: ಹಾಗಾದರೆ ಪರವಾನಗಿ ದೊರೆತವನ ಮುಂದೆ ಎಷ್ಟು ಬಗೆಯ ಆಯ್ಕೆಗಳಿವೆ?

ಆರ್ಮರರ್: ಸಿನಿಮಾದಲ್ಲಿ ಕಂಡಷ್ಟಿಲ್ಲ. ಬೋರ್ ಎಂದರೆ ನಳಿಗೆಯ ಒಳ ಅಳತೆ. ಪೊಲೀಸರ ಮತ್ತು ಸೈನ್ಯದ 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್‌ಗಳ ಸಾಲಿಗೆ ಸೇರಿರುವುದರಿಂದ ಜಿಲ್ಲಾಧಿಕಾರಿಗಳು ಕೊಡುವ ಸಾಮಾನ್ಯ ಪರವಾನಗಿಗೆ ಅದು ಸಿಗುವುದಿಲ್ಲ. ಸಾಮಾನ್ಯ ನಾಗರಿಕರಿಗೆ ವಿದೇಶಿ ಪಿಸ್ತೂಲುಗಳ ಆಮದು 1980ರ ದಶಕದಲ್ಲೇ ನಿಂತುಹೋದದ್ದರಿಂದ ಹೊರದೇಶದ ಹೆಸರುಗಳನ್ನು ಹೇಳಿ ಪ್ರಯೋಜನವಿಲ್ಲ. ಕೊನೆಗೆ ಉಳಿಯುವವು ಮುಖ್ಯವಾಗಿ ದೇಶದಲ್ಲೇ ತಯಾರಾಗುವ .32 ಬೋರಿನ ಪಿಸ್ತೂಲುಗಳು ಮತ್ತು ರಿವಾಲ್ವರ್‌ಗಳು. ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯು 2014ರಲ್ಲಿ ಹೊರತಂದ ‘ನಿರ್ಭೀಕ್’ ಟೈಟೇನಿಯಂ ಮಿಶ್ರಲೋಹದ, ಸುಮಾರು 500 ಗ್ರಾಂ ತೂಕದ, ಆರು ಗುಂಡುಗಳ ರಿವಾಲ್ವರ್. ಅದೇ ನಗರದ ಸರ್ಕಾರಿ ಉದ್ಯಮ 2023ರಲ್ಲಿ ಮಾರುಕಟ್ಟೆಗೆ ಬಿಟ್ಟ ‘ಪ್ರಬಲ್’ ಅದಕ್ಕಿಂತ ಭಾರವಾದದ್ದು, 700 ಗ್ರಾಂ ಆಸುಪಾಸಿನದು, ಗುಂಡು ತುಂಬುವ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುವಂಥದು. ಇವುಗಳ ಜೊತೆಗೆ ಸರ್ಕಾರಿ ಕಾರ್ಖಾನೆಗಳದೇ .32 ಪಿಸ್ತೂಲುಗಳಿವೆ, ಅವುಗಳಲ್ಲೊಂದಕ್ಕೆ ‘ಅಶನಿ’ ಎಂಬ ಹೆಸರಿದೆ.

ವರ್ತಕ: ರಿವಾಲ್ವರೋ, ಪಿಸ್ತೂಲೋ? ಮೈಮೇಲೆ ಮರೆಯಾಗುವುದು ಯಾವುದು?

ಆರ್ಮರರ್: ಮರೆಯಾಗುವ ವಿಷಯದಲ್ಲಿ ಪಿಸ್ತೂಲು ಮೇಲು. ರಿವಾಲ್ವರಿನಲ್ಲಿ ಕಾಡತೂಸುಗಳು ತಿರುಗುವ ಉರುಳೆಯಲ್ಲಿ ಸುತ್ತಲೂ ಕೂತಿರುವುದರಿಂದ ಅದರ ನಡುಭಾಗ ಉಬ್ಬಿ ಅಂಗಿಯ ಮೇಲೆ ಗುರುತು ಮೂಡುತ್ತದೆ. ಪಿಸ್ತೂಲಿನಲ್ಲಿ ಅವು ಹಿಡಿಕೆಯೊಳಗಿನ ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ನಿಂತಿರುವುದರಿಂದ ಇಡೀ ಆಯುಧ ಚಪ್ಪಟೆಯಾಗಿರುತ್ತದೆ. ಆದರೆ ಮರೆಯಾಗುವುದು ಒಂದು ಗುಣ ಮಾತ್ರ. ರಿವಾಲ್ವರನ್ನು ತೆರೆದೊಡನೆ ಗುಂಡುಗಳಿವೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ಹೊರತೆಗೆದ ಮೇಲೂ ಚೇಂಬರಿನಲ್ಲಿ, ಎಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಕುಳಿಯಲ್ಲಿ, ಒಂದು ಕಾಡತೂಸು ಉಳಿದಿರಬಹುದು. ಮ್ಯಾಗಜೀನ್ ತೆಗೆದೆನೆಂಬ ಧೈರ್ಯದಲ್ಲಿ ಟ್ರಿಗರ್ ಒತ್ತಿ ಅನಾಹುತವಾದ ಪ್ರಸಂಗಗಳು ತರಬೇತಿ ಪಡೆದವರ ನಡುವೆಯೂ ನಡೆಯುತ್ತವೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಅಭ್ಯಾಸ ಮಾಡಬಲ್ಲ ವ್ಯಾಪಾರಿಗೆ ರಿವಾಲ್ವರೇ ಹೆಚ್ಚು ಕ್ಷಮಾಗುಣವುಳ್ಳ ಆಯುಧ. ಉಬ್ಬು ಕಾಣುತ್ತದೆಂಬ ಕೊರತೆಯನ್ನು ಒಳ್ಳೆಯ ಒರೆ ಬಹಳಮಟ್ಟಿಗೆ ತುಂಬಿಕೊಡುತ್ತದೆ.

ವರ್ತಕ: ಹಗುರವಾದಷ್ಟೂ ಒಳ್ಳೆಯದಲ್ಲವೇ? ದಿನವಿಡೀ ಸೊಂಟದಲ್ಲಿ ಹೊರಬೇಕು.

ಆರ್ಮರರ್: ಹೊರುವಾಗ ಹೌದು, ಹೊಡೆಯುವಾಗ ಅಲ್ಲ. ಒಂದೇ ಕಾಡತೂಸು ಹಗುರವಾದ ಆಯುಧದಿಂದ ಹೊರಟರೆ ಹಿಂದಕ್ಕೆ ಒದೆಯುವುದು ಹೆಚ್ಚು. ನಳಿಗೆ ಮೋಟಾದಷ್ಟೂ ಮುಂದಿನ ಮತ್ತು ಹಿಂದಿನ ಗುರಿಕಾಣಿಗಳ ನಡುವಿನ ಅಂತರ ಕಡಿಮೆಯಾಗಿ, ಕೈಯ ಅಲ್ಪ ಅಲುಗಾಟವೂ ದೊಡ್ಡ ತಪ್ಪಾಗಿ ಹೊರಬೀಳುತ್ತದೆ. ಕೈಗೆ ಹೊಂದುವುದೆಂದರೆ ಹಿಡಿಕೆಯನ್ನು ಪೂರ್ತಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಸಲೀಸಾಗಿ ಟ್ರಿಗರಿಗೆ ತಾಗುವುದು, ಕಿರುಬೆರಳು ಗಾಳಿಯಲ್ಲಿ ತೂಗಾಡದಿರುವುದು. ಇನ್ನೊಂದು ಸಂಗತಿಯನ್ನು ಕೊಳ್ಳುವವರು ಮರೆಯಬಾರದು: ಪಿಸ್ತೂಲಿನ .32 ಮತ್ತು ರಿವಾಲ್ವರಿನ .32 ಒಂದೇ ಕಾಡತೂಸಲ್ಲ. ಪಿಸ್ತೂಲಿನದು 1899ರ ಹೊತ್ತಿಗೆ ಜಾನ್ ಬ್ರೌನಿಂಗ್ ರೂಪಿಸಿದ, 17 ಮಿಲಿಮೀಟರ್ ಉದ್ದದ ಲೋಹದ ಕವಚವಿರುವ ಕಾಡತೂಸು. ರಿವಾಲ್ವರಿನದು ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ, ಅದಕ್ಕಿಂತ ಉದ್ದವಾದ, ಬುಡದಲ್ಲಿ ಅಗಲ ಅಂಚುಳ್ಳ ಕಾಡತೂಸು. ಅಂಗಡಿಯಲ್ಲಿ ಬರಿದೇ ‘.32 ಕೊಡಿ’ ಎಂದರೆ ಸಾಲದು.

ವರ್ತಕ: ಒರೆಯ ಬಗ್ಗೆ ಕಾನೂನು ಏನನ್ನಾದರೂ ಹೇಳುತ್ತದೆಯೇ, ಅಥವಾ ಅದು ಕೊಳ್ಳುವವನ ಇಷ್ಟವೇ?

ಆರ್ಮರರ್: ಹೇಳುತ್ತದೆ, ಅದೂ ಬಹಳ ಸ್ಪಷ್ಟವಾಗಿ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಒರೆಯಲ್ಲಿಟ್ಟು ಮೈಗೆ ಕಟ್ಟಿಕೊಂಡಿರಬೇಕು ಅಥವಾ ಅಂಥದೇ ಚೀಲದಲ್ಲಿಟ್ಟಿರಬೇಕು, ಆಯುಧ ಪೂರ್ತಿ ಮುಚ್ಚಿರಬೇಕು, ಒಯ್ಯುವವನಿಗೆ ಅದರ ಮೇಲೆ ಪರಿಣಾಮಕಾರಿ ಹತೋಟಿ ಇರಬೇಕು ಎಂದು 2016ರ ನಿಯಮಾವಳಿ ವಿಧಿಸುತ್ತದೆ. ಜನರೆದುರು ಆಯುಧವನ್ನು ಝಳಪಿಸುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಸೊಂಟದ ಪಿಸ್ತೂಲಿನ ಹಿಡಿಕೆ ಅಂಗಿಯ ಹೊರಗೆ ಕಾಣುವಂತೆ ಮದುವೆ ಮಂಟಪದಲ್ಲಿ ಓಡಾಡುವುದು ದೊಡ್ಡಸ್ತಿಕೆಯಲ್ಲ, ನಿಯಮಭಂಗ. ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸುವುದಕ್ಕೆ 2019ರ ತಿದ್ದುಪಡಿಯು ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ.

ನಿಯಮದ ಈ ಮೂರು ಮಾತುಗಳಲ್ಲಿ, ಎಂದರೆ ಮೈಗೆ ಕಟ್ಟಿರುವುದು, ಮುಚ್ಚಿರುವುದು, ಹತೋಟಿಯಲ್ಲಿರುವುದು ಎಂಬವುಗಳಲ್ಲಿ, ಕೊನೆಯದು ಎಷ್ಟು ಭಾರವಾದದ್ದೆಂಬುದಕ್ಕೆ ಸುರಪುರದ ಇತಿಹಾಸದಲ್ಲೇ ಒಂದು ದಾರುಣ ಸಾಕ್ಷಿಯಿದೆ. ಆರ್ಮರರ್ ಅದರ ಕಡೆಗೆ ಮಾತನ್ನು ಒಯ್ಯುತ್ತಾರೆ.

ಆರ್ಮರರ್: ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕರ ಅಂತ್ಯ ಸಾಹುಕಾರರಿಗೆ ತಿಳಿದದ್ದೇ. 1858ರ ಫೆಬ್ರವರಿಯ ಕಾಳಗದ ನಂತರ ಅವರು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಗಲ್ಲಿನ ಶಿಕ್ಷೆ ಹಂತಹಂತವಾಗಿ ಇಳಿದು ನಾಲ್ಕು ವರ್ಷಗಳ ಬಂಧನವಾಯಿತು. ಮದ್ರಾಸ್ ಕಡೆಯ ಕೋಟೆಯೊಂದಕ್ಕೆ ಅವರನ್ನು ಸಾಗಿಸುತ್ತಿದ್ದರು. ದಾರಿಯ ಮೊದಲ ಬಿಡಾರದಲ್ಲಿ ಕಾವಲಿನ ಇಂಗ್ಲಿಷ್ ಅಧಿಕಾರಿ ತನ್ನ ರಿವಾಲ್ವರನ್ನು ಮೈಯಿಂದ ಬಿಚ್ಚಿ ಡೇರೆಯೊಳಗೇ ಬಿಟ್ಟು ಹೊರಗೆ ಹೋದನೆಂದೂ ಅಷ್ಟರಲ್ಲಿ ಒಳಗಿನಿಂದ ಗುಂಡಿನ ಸದ್ದು ಕೇಳಿತೆಂದೂ ದೊರೆಯ ಬಾಲ್ಯದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1877ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಬಾಲ್ಯದಿಂದ ತಮ್ಮನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ದೊರೆಯ ಸಾವನ್ನು ಟೇಲರ್ ದುಃಖದಿಂದಲೇ ಬರೆದಿದ್ದಾರೆ. ಅದು ಆತ್ಮಹತ್ಯೆಯಲ್ಲ, ಕೊಲೆ ಎಂದು ಹೇಳುವವರೂ ಇಲ್ಲಿ ಇದ್ದಾರೆ. ಆದರೆ ಟೇಲರರ ಮಾತನ್ನೇ ಹಿಡಿದರೂ ಆ ಅಧಿಕಾರಿಯ ತಪ್ಪು ತಪ್ಪೇ. ಆ ಕ್ಷಣದಲ್ಲಿ ಒರೆ ಇತ್ತು, ಬೆಲ್ಟ್ ಇತ್ತು, ಅವೆರಡನ್ನೂ ಹೊರಬೇಕಾದ ಮೈ ಮಾತ್ರ ಇರಲಿಲ್ಲ. ಬೇಸರಕ್ಕೋ ಸೆಕೆಗೋ ಬಿಚ್ಚಿ ಕುರ್ಚಿಗೆ, ಗೂಟಕ್ಕೆ, ಕಾರಿನ ಸೀಟಿಗೆ ಒಪ್ಪಿಸಬೇಕೆನಿಸುವಂಥ ಒರೆ ಎಷ್ಟೇ ಬೆಲೆಬಾಳಿದರೂ ಕೆಟ್ಟ ಒರೆಯೇ. ದಿನವಿಡೀ ತೊಟ್ಟರೂ ಬಿಚ್ಚಬೇಕೆನಿಸದಿರುವುದು ಒಳ್ಳೆಯ ಒರೆಯ ಮೊದಲ ಲಕ್ಷಣ.

ವರ್ತಕ: ಹಾಗಾದರೆ ಯಾವುದನ್ನು ಆರಿಸಬೇಕು? ಚರ್ಮದ್ದು, ಬಟ್ಟೆಯದು, ಪ್ಲಾಸ್ಟಿಕ್ಕಿನದು ಎಂದು ಮೂರು ಬಗೆ ಇವೆಯಲ್ಲ.

ಆರ್ಮರರ್: ವಸ್ತು ಯಾವುದೇ ಇರಲಿ, ಮೂರು ಗುಣಗಳನ್ನು ಬಿಡಬಾರದು. ಟ್ರಿಗರನ್ನೂ ಅದರ ಸುತ್ತಲಿನ ಬಳೆಯನ್ನೂ ಒರೆ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ಒತ್ತಿದರೂ ಟ್ರಿಗರ್ ಅಲುಗಬಾರದು. ಒರೆಯನ್ನು ತಲೆಕೆಳಗಾಗಿ ಹಿಡಿದರೂ ಆಯುಧ ಜಾರಬಾರದು. ಆಯುಧ ಹೊರತೆಗೆದ ಮೇಲೆ ಒರೆಯ ಬಾಯಿ ಮುಚ್ಚಿಕೊಳ್ಳದೆ ತೆರೆದೇ ಇರಬೇಕು, ಇಲ್ಲವಾದರೆ ಮರಳಿ ಸೇರಿಸುವಾಗ ಬಟ್ಟೆಯ ಚುಂಗೋ ಒರೆಯ ಅಂಚೋ ಟ್ರಿಗರಿಗೆ ಸಿಕ್ಕಿಕೊಂಡು ಕಾಲಿಗೇ ಗುಂಡು ಬೀಳುತ್ತದೆ. ಅಗ್ಗದ ನೈಲಾನ್ ಒರೆಗಳು ಈ ಮೂರನೆಯ ಪರೀಕ್ಷೆಯಲ್ಲಿ ಸೋಲುತ್ತವೆ. ‘ಎಲ್ಲ ಪಿಸ್ತೂಲಿಗೂ ಆಗುತ್ತದೆ’ ಎಂದು ಮಾರುವ ಒರೆ ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ. ಕೊಂಡ ಮಾದರಿಗೇ ಅಚ್ಚು ತೆಗೆದು ಮಾಡಿದ್ದು ಬೇಕು.

ಇನ್ನು ಈ ಜಿಲ್ಲೆಯ ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಯಾದಗಿರಿಯ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಬೆವರಿನ ಉಪ್ಪು ಚರ್ಮಕ್ಕೆ ಇಳಿದು ಅಲ್ಲಿಂದ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಚರ್ಮ ಮೈಗೆ ಮೆತ್ತಗೆ, ಸದ್ದಿಲ್ಲದೆ ಹೊಂದಿಕೊಳ್ಳುತ್ತದೆ ನಿಜ, ಆದರೆ ಹದ ಮಾಡುವಾಗ ಬಳಸಿದ ಲವಣಗಳೂ ಹೀರಿಕೊಂಡ ತೇವವೂ ಅದರಲ್ಲಿ ಉಳಿಯುವುದರಿಂದ ರಾತ್ರಿ ಆಯುಧವನ್ನು ಅದರಲ್ಲೇ ಬಿಟ್ಟು ಮಲಗಬಾರದು. ಕೈಡೆಕ್ಸ್ ಎಂಬುದು ಕಾಯಿಸಿ ಆಯುಧದ ಆಕಾರಕ್ಕೇ ಒತ್ತಿದ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅದು ಬೆವರನ್ನು ಕುಡಿಯುವುದಿಲ್ಲ, ಬಾಯಿ ಮುಚ್ಚಿಕೊಳ್ಳುವುದಿಲ್ಲ, ನೀರಿನಲ್ಲಿ ತೊಳೆಯಬಹುದು. ಚರ್ಮ ಕುಳಿತ ಮೈಗೆ ಹಿತವೆಂಬ ಮಾತನ್ನು ಒಪ್ಪಿಕೊಂಡೂ ಈ ಸೀಮೆಗೆ ಕೈಡೆಕ್ಸ್ ಹೆಚ್ಚು ಸೂಕ್ತವೆನ್ನಬೇಕು. ಶಹಾಪುರದ ಜಿನ್ನಿಂಗ್ ಗಿರಣಿಯ ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಪಿಸ್ತೂಲಿನ ಎಣ್ಣೆಗೆ ಅಂಟಿಕೊಂಡು ಗಸಿಯಂತಾಗುತ್ತದೆ. ಎಣ್ಣೆ ತೆಳ್ಳಗಿರಬೇಕು, ಒರೆಯ ಒಳಗನ್ನೂ ವಾರಕ್ಕೊಮ್ಮೆ ಒರೆಸಬೇಕು.

ವರ್ತಕ: ಪ್ಯಾಂಟು, ಬೆಲ್ಟು ತೊಡುವವರಿಗೆ ಅದು ಸರಿ. ಧೋತರ, ಜುಬ್ಬಾ ತೊಡುವವರು ಏನು ಮಾಡಬೇಕು? ಒಳಬನಿಯನ್ನಿನ ಕಿಸೆಯಲ್ಲಿ ಇಟ್ಟುಕೊಂಡರೆ ಆಗದೇ?

ಆರ್ಮರರ್: ಅದೇ ಎಲ್ಲಕ್ಕಿಂತ ಅಪಾಯದ ಜಾಗ. ಆ ಕಿಸೆಯಲ್ಲಿ ನೋಟಿನ ಕಟ್ಟು, ಕೀಲಿಗೊಂಚಲು, ಅಡಿಕೆ ಚೀಲ ಎಲ್ಲವೂ ಇರುತ್ತವೆ. ವ್ಯಾಪಾರಿಯ ಕೈ ದಿನಕ್ಕೆ ನೂರು ಸಲ ಅಲ್ಲಿಗೆ ಹೋಗುತ್ತದೆ. ಯಾವುದೋ ಒಂದು ಸಲ ಕೀಲಿಯ ಕೊಂಡಿ ಟ್ರಿಗರಿಗೆ ಸಿಕ್ಕರೆ ಸಾಕು. ಒರೆಯಿಲ್ಲದೆ ಧೋತರದ ಗಂಟಿನಲ್ಲಿ ಸಿಗಿಸಿಕೊಳ್ಳುವುದೂ ಹಾಗೆಯೇ, ಎದ್ದು ನಿಂತಾಗ ಅದು ಕೆಳಗೆ ಜಾರುತ್ತದೆ, ಜಾರುವಾಗ ಹಿಡಿಯಲು ಹೋದ ಕೈ ಮೊದಲು ಟ್ರಿಗರಿಗೇ ತಾಗುತ್ತದೆ. ಧೋತರ ಉಡುವವರು ಅದರ ಕೆಳಗೆ ಅಗಲವಾದ, ಗಟ್ಟಿಯಾದ ಸೊಂಟಪಟ್ಟಿ ಕಟ್ಟಿಕೊಂಡು, ಟ್ರಿಗರ್ ಮುಚ್ಚುವ ಗಟ್ಟಿ ಚಿಪ್ಪನ್ನು ಆ ಪಟ್ಟಿಗೆ ಭದ್ರವಾಗಿ ಬಿಗಿಸಿಕೊಂಡರೆ ಮೇಲಿನ ಜುಬ್ಬಾ ಅದನ್ನು ಪ್ಯಾಂಟಿನವರಿಗಿಂತಲೂ ಚೆನ್ನಾಗಿ ಮುಚ್ಚುತ್ತದೆ. ಬರಿಯ ಎಲಾಸ್ಟಿಕ್ ಪಟ್ಟಿ ಸಾಲದು. ಪ್ಯಾಂಟಿನವರಿಗಾದರೆ ಬಲ ಸೊಂಟದ ಮೂಳೆಗೆ ತುಸು ಹಿಂದೆ, ಪ್ಯಾಂಟಿನ ಒಳಬದಿಗೆ ಕೂರುವ ಒರೆ ಲೇಸು. ಬೆನ್ನ ನಡುವೆ ಒರೆಯಿದ್ದರೆ ಜಾರಿಬಿದ್ದಾಗ ಬೆನ್ನುಮೂಳೆಗೆ ಪೆಟ್ಟು, ಕಾಲಿಗೆ ಕಟ್ಟಿದ್ದು ಬಾಗಿದ ಹೊರತು ಕೈಗೆ ಸಿಗುವುದಿಲ್ಲ.

ವರ್ತಕ: ಚೇಂಬರಿನಲ್ಲಿ ಗುಂಡು ಇಟ್ಟೇ ತಿರುಗಬೇಕೇ? ಆಪತ್ತಿನಲ್ಲಿ ಸಮಯ ಸಿಗದೆಂದು ಹೇಳುತ್ತಾರೆ.

ಆರ್ಮರರ್: ಹಳೆಯ ವಿನ್ಯಾಸದ ಪಿಸ್ತೂಲುಗಳಲ್ಲಿ, ಎಂದರೆ ಟ್ರಿಗರ್ ಒತ್ತದ ಹೊರತು ಕಾಡತೂಸಿಗೆ ಬಡಿಯುವ ಸೂಜಿಮೊಳೆ ಮುಂದಕ್ಕೆ ಚಲಿಸದಂತೆ ಹಿಡಿಯುವ ಒಳತಡೆ ಇಲ್ಲದವುಗಳಲ್ಲಿ, ಬಿದ್ದ ಪೆಟ್ಟಿಗೇ ಗುಂಡು ಹಾರುವ ಸಾಧ್ಯತೆಯಿದೆ, ಅಂಥವನ್ನು ಚೇಂಬರ್ ಖಾಲಿ ಇಟ್ಟೇ ಒಯ್ಯಬೇಕು. ಹಳೆಯ ರಿವಾಲ್ವರಿನಲ್ಲೂ ಹ್ಯಾಮರಿನ, ಎಂದರೆ ಬಡಿಯುವ ಸುತ್ತಿಗೆಯ, ಕೆಳಗಿನ ಕೋಣೆಯನ್ನು ಬರಿದಾಗಿಡುವುದು ವಾಡಿಕೆ. ಕೊಳ್ಳುವಾಗ ಈ ಒಳತಡೆ ಇದೆಯೇ ಎಂದು ಕೇಳಿ ತಿಳಿಯಬೇಕು. ಸಮಯದ ಮಾತಿಗೆ ಬಂದರೆ, ದರೋಡೆಕೋರ ಎದುರಿಗೆ ಬಂದು ನಿಂತ ಮೇಲೆ ಅಂಗಿ ಸರಿಸಿ ಆಯುಧ ತೆಗೆಯುವಷ್ಟು ವ್ಯವಧಾನ ಹೇಗೂ ಇರುವುದಿಲ್ಲ; ಅಂಥ ಹೊತ್ತಿನಲ್ಲಿ ಹಣದ ಚೀಲ ಕೊಟ್ಟು ಜೀವ ಉಳಿಸಿಕೊಳ್ಳುವುದೇ ಬಹುಪಾಲು ವಿವೇಕ. ಪಿಸ್ತೂಲು ಹಣ ಕಾಯುವ ಸಾಧನವಲ್ಲ, ಬೇರೆ ದಾರಿಯೇ ಇಲ್ಲದಾಗ ಜೀವ ಕಾಯುವುದು.

ವರ್ತಕ: ಒರೆ ಸರಿಯಿದೆಯೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಆರ್ಮರರ್: ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಆಯುಧ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ ಪರೀಕ್ಷಿಸಬಹುದು. ಅದನ್ನು ತೊಟ್ಟು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡು ಕುಳಿತು ನೋಡಬೇಕು, ಚಪ್ಪಲಿ ಹಾಕಲು ಬಾಗಬೇಕು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಕು, ಮಾಳಿಗೆಯ ಮೆಟ್ಟಿಲು ಓಡಿ ಹತ್ತಬೇಕು. ಎಲ್ಲಿಯೂ ಆಯುಧ ಜಾರಬಾರದು, ಹೊರಗೆ ಇಣುಕಬಾರದು, ಚುಚ್ಚಬಾರದು. ಹೊರತೆಗೆಯುವಾಗಲೂ ಮರಳಿಸುವಾಗಲೂ ಬೆರಳು ಟ್ರಿಗರಿನಿಂದ ದೂರ ನೀಳವಾಗಿರಬೇಕು. ನಿಜವಾದ ಗುಂಡಿನ ಅಭ್ಯಾಸ ಅನುಮತಿ ಪಡೆದ ಗುಂಡಿನ ಮೈದಾನದಲ್ಲಿ ಮಾತ್ರ. ಹೊಲದ ಬದುವಿಗೆ ಗುರಿಯಿಟ್ಟು ಹೊಡೆಯುವುದು ಸಲ್ಲದು.

ವರ್ತಕ: ಮೈಲಾಪುರದ ಜಾತ್ರೆಗೋ, ವ್ಯಾಪಾರಕ್ಕೆಂದು ನಾರಾಯಣಪೇಟೆಗೋ ಹೋಗುವಾಗ?

ಆರ್ಮರರ್: ಮೈಲಾಪುರದ ಮಲ್ಲಯ್ಯನ ಜಾತ್ರೆಯಂಥ ನೂಕುನುಗ್ಗಲಿನಲ್ಲಿ ಸೊಂಟಕ್ಕೆ ಯಾರ ಕೈ ಬೇಕಾದರೂ ತಾಗುತ್ತದೆ, ಅಲ್ಲಿ ಹತೋಟಿ ಎಂಬುದು ಉಳಿಯುವುದಿಲ್ಲ, ಒಯ್ಯಬಾರದು. ನಾರಾಯಣಪೇಟೆ ಇರುವುದು ತೆಲಂಗಾಣದಲ್ಲಿ. ಪರವಾನಗಿಯ ಪುಸ್ತಕದಲ್ಲಿ ನಮೂದಾದ ಪ್ರದೇಶದೊಳಗೆ ಮಾತ್ರ ಅದು ಚಲಾವಣೆ, ಕರ್ನಾಟಕಕ್ಕೆಂದು ಕೊಟ್ಟದ್ದು ಗುರುಮಠಕಲ್ ಗಡಿಯಲ್ಲಿ ಮುಗಿಯುತ್ತದೆ. ಚುನಾವಣೆ ಘೋಷಣೆಯಾಗಿ ಜಿಲ್ಲಾಧಿಕಾರಿಗಳು ಆದೇಶಿಸಿದಾಗ ಠಾಣೆಯಲ್ಲಿ ಆಯುಧ ಒಪ್ಪಿಸಿ ರಸೀದಿ ಪಡೆಯಬೇಕು. ಉಳಿದ ದಿನಗಳಲ್ಲಿ ಊರು ಬಿಡುವಾಗ ಅದು ಗೋಡೆಗೆ ಬಿಗಿದ ತಿಜೋರಿಯಲ್ಲಿರಬೇಕು, ಕಾಡತೂಸುಗಳು ಬೇರೆ ಬೀಗದಲ್ಲಿರಬೇಕು.

ವರ್ತಕ: ತಿಜೋರಿಯ ಕೀಲಿ ಹಿರಿಮಗನ ಕೈಯಲ್ಲಿ ಇದ್ದರೆ ತೊಂದರೆಯಿಲ್ಲವಲ್ಲ? ಅಂಗಡಿಯ ಲೆಕ್ಕವೆಲ್ಲ ಅವನೇ ನೋಡುತ್ತಾನೆ.

ಆರ್ಮರರ್: ಅಂಗಡಿಯ ತಿಜೋರಿಯ ಕೀಲಿ ಅವನ ಬಳಿಯೇ ಇರಲಿ, ಸಾಹುಕಾರರೇ. ಪಿಸ್ತೂಲಿಗೆ ಬೇರೆಯೇ ಪೆಟ್ಟಿಗೆ ಮಾಡಿಸಬೇಕು. ಪರವಾನಗಿಯಲ್ಲಿ ಇರುವುದು ಒಬ್ಬರ ಹೆಸರು, ಅದರ ಕೀಲಿಯೂ ಅವರೊಬ್ಬರದೇ.